ಸರಳ ಬ್ಲಾಗ್ ಎಂಜಿನ್ನೋ, ದೊಡ್ಡ ಸಿಎಂಎಸ್ಸೋ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತ ತಾಣ ಮಾಡಿಕೊಳ್ಳಲು ಹೊರಟ ಬರಹಗಾರರು, ಸಣ್ಣ ಪತ್ರಿಕೆಯವರು, ಸಂಘದ ಕಾರ್ಯದರ್ಶಿಗಳು ನನಗೆ ವರ್ಷಗಳಿಂದ ಫೋನ್ ಮಾಡುತ್ತಿದ್ದಾರೆ. ಸರ್ವರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಅದು ಗೊತ್ತಾದ ಮೇಲೆ ಯಾರೂ ಬಿಡುವುದಿಲ್ಲ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ: ಬರೆದದ್ದನ್ನು ಪುಟ ಮಾಡಿಕೊಡುವ ಸರಳ ಬ್ಲಾಗ್ ಎಂಜಿನ್ ಸಾಕೇ, ಇಡೀ ತಾಣವನ್ನು ನಿರ್ವಹಿಸುವ ದೊಡ್ಡ ತಂತ್ರಾಂಶ, ಅಂದರೆ ಸಿಎಂಎಸ್, ಬೇಕೇ? ಒಮ್ಮೆ ಬರೆದಿಟ್ಟರೆ ಪ್ರತಿ ಫೋನಿಗೂ ಅರ್ಧ ಗಂಟೆ ಉಳಿಯುತ್ತದೆ ಎಂಬ ಸ್ವಾರ್ಥ ಈ ಪುಟದ ಹಿಂದಿದೆ. ‘ಸ್ವಂತ’ ಎಂದರೆ ಇಲ್ಲಿ ಡೊಮೇನ್ (ತಾಣದ ವಿಳಾಸದ ಹೆಸರು) ನಿಮ್ಮ ಹೆಸರಿನಲ್ಲಿ, ಕಡತಗಳು ನಿಮ್ಮ ಕೈಯಲ್ಲಿ, ಸರ್ವರ್ ನೀವು ಬಾಡಿಗೆಗೆ ಹಿಡಿದದ್ದು ಎಂದರ್ಥ.

ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ ಏನು?

ಪುಟ ತಯಾರಾಗುವ ಹೊತ್ತು. ವರ್ಡ್‌ಪ್ರೆಸ್‌ನಂಥ ಸಿಎಂಎಸ್ ದರ್ಶಿನಿಯ ದೋಸೆಕಾವಲಿ ಇದ್ದಂತೆ. ಓದುಗ ಬಂದು ಕೇಳಿದಾಗ ಪಿಎಚ್‌ಪಿ ಎಂಬ ಅಡುಗೆಯವನು ಮೈಎಸ್‌ಕ್ಯುಎಲ್ ಡೇಟಾಬೇಸಿನಿಂದ ಹಿಟ್ಟು ತೆಗೆದು, ಥೀಮಿನ (ಪುಟದ ವಿನ್ಯಾಸದ) ಮೇಲೆ ಹುಯ್ದು, ಪುಟವನ್ನು ಬಿಸಿಬಿಸಿಯಾಗಿ ಎತ್ತಿ ಕೊಡುತ್ತಾನೆ. ಹ್ಯೂಗೋ, ಜೆಕಿಲ್‌ನಂಥವು ಚಕ್ಕುಲಿ ಡಬ್ಬ. ನೀವು ಬರೆದ ಪಠ್ಯ ಕಡತಗಳನ್ನೆಲ್ಲ ಒಂದೇ ಸಲ ಎಚ್‌ಟಿಎಂಎಲ್ ಪುಟಗಳಾಗಿ ಕರಿದು ಇಟ್ಟುಬಿಡುತ್ತವೆ; ಸರ್ವರ್ ಡಬ್ಬದಿಂದ ತೆಗೆದು ಕೊಡುತ್ತದೆ, ಅಷ್ಟೆ. ಒಲೆಯೇ ಇಲ್ಲದ ಕಡೆ ಬೆಂಕಿಯ ಭಯವಿಲ್ಲ. ಆದರೆ ಬಂದವರು ಈರುಳ್ಳಿ ಹಾಕದೆ ಕೊಡಿ ಎಂದರೆ ಕೊಡುವುದಕ್ಕೂ ಬರುವುದಿಲ್ಲ.

ನಡುವೆ ಇನ್ನೊಂದು ಜಾತಿ ಇದೆ. ಗ್ರಾವ್‌ನಂಥವು ಡೇಟಾಬೇಸ್ ಇಲ್ಲದೆ ಬರಿಯ ಕಡತಗಳಿಂದಲೇ ಪಿಎಚ್‌ಪಿ ಮೂಲಕ ಪುಟ ಕೊಡುತ್ತವೆ. ಕಾವಲಿ ಉಂಟು, ಉಗ್ರಾಣ ಇಲ್ಲ.

ಹಾಗಾದರೆ ನಾನು ಯಾವುದನ್ನು ಆರಿಸಲಿ?

ನಾನು ಎರಡು ಮರುಪ್ರಶ್ನೆ ಕೇಳುತ್ತೇನೆ. ಬರೆಯುವ ಕೈಗಳು ಎಷ್ಟು? ಎರಡು ವರ್ಷದ ನಂತರ, ಈಗಿನ ಉತ್ಸಾಹ ಇಳಿದ ಮೇಲೆ, ತಾಣವನ್ನು ನೋಡಿಕೊಳ್ಳುವ ಕೈ ಯಾವುದು?

ಬರೆಯುವವರು ನೀವೊಬ್ಬರೇ, ಲ್ಯಾಪ್‌ಟಾಪ್ ಇದೆ, ಪಠ್ಯ ಕಡತ ಎಂದರೆ ಹೆದರಿಕೆಯಿಲ್ಲ ಎಂದಾದರೆ ಹ್ಯೂಗೋ. ಬರೆಯುವವರು ಹಲವರು, ತಿಂಗಳಿಗೊಮ್ಮೆಯಾದರೂ ಒಳಹೊಕ್ಕು ನೋಡುವ ಒಬ್ಬರು ನಿಜಕ್ಕೂ ಇದ್ದಾರೆ ಎಂದಾದರೆ ವರ್ಡ್‌ಪ್ರೆಸ್. ಬರೆಯುವವರು ಹಲವರು, ನೋಡುವವರು ಮಾತ್ರ ಯಾರೂ ಇಲ್ಲ ಎಂದರೆ ಎರಡೂ ಬೇಡ. ಸರ್ವರನ್ನು ಅವರೇ ನೋಡಿಕೊಳ್ಳುವ ಬ್ಲಾಗರ್‌ನಲ್ಲೋ ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲೋ ಖಾತೆ ತೆರೆದು ಬರೆಯುತ್ತಾ ಇರಿ. ಇದನ್ನು ಕೇಳಿ ಮುಖ ಸಣ್ಣದು ಮಾಡಿಕೊಂಡವರಿದ್ದಾರೆ. ಆದರೆ ಯಾರೂ ದಿಕ್ಕಿಲ್ಲದ ಸ್ವಂತ ಸರ್ವರ್ ಬಾಗಿಲು ತೆರೆದಿಟ್ಟು ಊರಿಗೆ ಹೋದ ಮನೆ. ನಿಮ್ಮ ಬರವಣಿಗೆಯ ಕೆಳಗೆ ಯಾರೋ ಜೂಜಿನ ಜಾಹೀರಾತು ಅಂಟಿಸಿ ಹೋಗಿರುವುದನ್ನು ಆರು ತಿಂಗಳ ನಂತರ ನೆಂಟರು ಹೇಳಿದಾಗ ತಿಳಿಯುತ್ತದೆ.

ಯಾವುದರಲ್ಲಿ ಏನೇನು ಸೌಲಭ್ಯ ಇದೆ ಎಂಬ ಪಟ್ಟಿ ನೋಡಿ ಆರಿಸುವವರೇ ಹೆಚ್ಚು. ಆ ಪಟ್ಟಿಯಲ್ಲಿ ಸಿಎಂಎಸ್ ಯಾವಾಗಲೂ ಗೆಲ್ಲುತ್ತದೆ. ಕಲ್ಯಾಣಮಂಟಪಕ್ಕೂ ಮನೆಗೂ ಕೋಣೆ ಎಣಿಸಿ ನೋಡಿದರೆ ಮಂಟಪವೇ ದೊಡ್ಡದು. ದಿನವೂ ಗುಡಿಸುವವರು ನೀವೇ ಎಂಬುದು ಆಮೇಲೆ ನೆನಪಾಗುತ್ತದೆ.

ವರ್ಡ್‌ಪ್ರೆಸ್ ಕೂಡ ಬ್ಲಾಗ್ ಎಂಜಿನ್ನೇ ಅಲ್ಲವೇ?

ಹುಟ್ಟಿದ್ದು ಹಾಗೆಯೇ. ಬಿ2 ಎಂಬ ಪುಟ್ಟ ಬ್ಲಾಗ್ ತಂತ್ರಾಂಶ ಅನಾಥವಾದಾಗ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದರ ಮೂಲ ಪ್ರೋಗ್ರಾಮನ್ನು ನಕಲಿಸಿ ಬೇರೆ ಕವಲಾಗಿ ಬೆಳೆಸಿ 2003ರ ಮೇ 27ರಂದು ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ ಬಿಟ್ಟರು. 2005ರ ಆರಂಭದಲ್ಲಿ ಬಂದ 1.5ನೇ ಆವೃತ್ತಿಯಲ್ಲಿ ಥೀಮ್‌ಗಳೂ ತಾರೀಖಿನ ಹಂಗಿಲ್ಲದ ‘ಪುಟ’ಗಳೂ ಸೇರಿದವು. 2010ರ 3.0ರಲ್ಲಿ ಲೇಖನವಲ್ಲದೆ ಪುಸ್ತಕ, ಕಾರ್ಯಕ್ರಮ, ಪಾಕವಿಧಾನ ಹೀಗೆ ಬೇಕಾದ ಬಗೆಯ ನಮೂದು ಮಾಡಿಕೊಳ್ಳುವುದು ಸುಲಭವಾಯಿತು. 2018ರ ಡಿಸೆಂಬರ್‌ನ 5.0ರಲ್ಲಿ ಗುಟೆನ್‌ಬರ್ಗ್ ಎಂಬ ಬ್ಲಾಕ್ ಸಂಪಾದಕ ಬಂತು. ಒಂದು ಬಚ್ಚಲು ಬೇಕು, ಒಂದು ಅಟ್ಟ ಬೇಕು ಎಂದು ಕಟ್ಟುತ್ತಾ ಹೋದ ಹಳ್ಳಿಮನೆಯಂತೆ ಅದು ಬೆಳೆದಿದೆ. ಇವತ್ತು ಜಗತ್ತಿನ ತಾಣಗಳಲ್ಲಿ ಶೇಕಡ 40ಕ್ಕಿಂತ ಹೆಚ್ಚು ಅದರ ಮೇಲೆ ನಿಂತಿವೆ ಎಂಬುದೇ ಅದರ ಬಲ, ಅದೇ ಅದರ ದೃಷ್ಟಿದೋಷ. ಕಳ್ಳರಿಗೂ ಒಂದೇ ಬೀಗದ ಕೈ ಕಲಿತರೆ ಸಾಕಲ್ಲ.

ಸಿದ್ಧ ಪುಟಗಳನ್ನು ಇಡುವುದು ಹಳೆಯ ಪದ್ಧತಿ ಅಲ್ಲವೇ?

ಹಳೆಯದೇ. 2001ರಲ್ಲಿ ಬಂದ ಮೂವಬಲ್ ಟೈಪ್ ಕೂಡ ಪುಟಗಳನ್ನು ಮೊದಲೇ ಕಟ್ಟಿಡುತ್ತಿತ್ತು. ಮರುಕಟ್ಟುವ ಗುಂಡಿ ಒತ್ತಿ ಚಹಾ ಕುಡಿದು ಬರಬಹುದಿತ್ತು. 2004ರಲ್ಲಿ ಅದರ ಪರವಾನಗಿ ಶುಲ್ಕ ಬದಲಾದಾಗ ಸಿಟ್ಟಾದ ಬಳಕೆದಾರರು ದೊಡ್ಡ ಸಂಖ್ಯೆಯಲ್ಲಿ ವರ್ಡ್‌ಪ್ರೆಸ್‌ಗೆ ಹೋದರು. 2008ರಲ್ಲಿ ಜೆಕಿಲ್, 2013ರಲ್ಲಿ ಹ್ಯೂಗೋ ಬಂದು ಹಳೆಯ ಪದ್ಧತಿಗೆ ಹೊಸ ವೇಗ ಕೊಟ್ಟವು. ಕೆಲವು ನೂರು ಲೇಖನಗಳ ತಾಣವನ್ನು ಹ್ಯೂಗೋ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಕ್ಷಣಗಳಲ್ಲಿ ಕಟ್ಟುತ್ತದೆ. ಚಹಾಕ್ಕೆ ಸಮಯ ಸಿಗುವುದಿಲ್ಲ.

ಕನ್ನಡಕ್ಕೆ ಯಾವುದು ಒಳ್ಳೆಯದು?

ಎಲ್ಲರೂ ಕೇಳಬೇಕಾದ, ಆದರೆ ಬಹಳ ಕಡಿಮೆ ಜನ ಕೇಳುವ ಪ್ರಶ್ನೆ. ಎರಡೂ ಯೂನಿಕೋಡ್ (ಎಲ್ಲ ಲಿಪಿಗಳಿಗೂ ಒಪ್ಪಿತವಾದ ಅಕ್ಷರ ಸಂಕೇತಗಳ ಪದ್ಧತಿ) ಕನ್ನಡವನ್ನು ಸರಿಯಾಗಿಯೇ ತೋರಿಸುತ್ತವೆ. ಎಡವುವುದು ಮೂಲೆಗಳಲ್ಲಿ, ಮತ್ತು ಎರಡೂ ಬೇರೆ ಬೇರೆ ಮೂಲೆಗಳಲ್ಲಿ.

ಮೊದಲು ವಿಳಾಸ. ವರ್ಡ್‌ಪ್ರೆಸ್‌ನಲ್ಲಿ ‘ಮಲೆನಾಡಿನ ಮಳೆಗಾಲದ ಅಡುಗೆಗಳು’ ಎಂದು ಶೀರ್ಷಿಕೆ ಕೊಟ್ಟು ಪ್ರಕಟಿಸಿ, ಆ ಲೇಖನದ ವಿಳಾಸ ನೋಡಿ. ಅಲ್ಲಿ ‘ಮಲೆನಾಡಿನ-ಮಳೆಗಾಲದ-ಅಡುಗೆಗಳ’ ಎಂದಿರುತ್ತದೆ. ಕೊನೆಯ ಕೊಂಬು ಮಾಯ. ಕಾರಣ ಸರಳ. ಶೀರ್ಷಿಕೆಯಿಂದ ಮಾಡಿದ ವಿಳಾಸದ ತುಂಡಿಗೆ ವರ್ಡ್‌ಪ್ರೆಸ್ ಇಟ್ಟಿರುವ ಜಾಗ 200 ಅಕ್ಷರ. ಕನ್ನಡದ ಪ್ರತಿಯೊಂದು ಸಂಕೇತ, ಅಂದರೆ ಮೂಲಾಕ್ಷರ ಒಂದು, ಅದರ ಗುಣಿತದ ಚಿಹ್ನೆ ಇನ್ನೊಂದು, ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಮೂರು ಬೈಟು. ವಿಳಾಸದೊಳಗೆ ಪ್ರತಿ ಬೈಟನ್ನೂ ಶೇಕಡ ಚಿಹ್ನೆ ಸೇರಿಸಿ ಮೂರು ಅಕ್ಷರವಾಗಿ ಬರೆಯಬೇಕು. ಮೂರು ಮೂರಲಿ ಒಂಬತ್ತು. ಮೇಲಿನ ಶೀರ್ಷಿಕೆಯಲ್ಲಿ 23 ಸಂಕೇತ, ಎರಡು ಅಡ್ಡಗೆರೆ: ಒಟ್ಟು 209. ಕೊನೆಯ ‘ು’ ಹೊರಗೆ ನಿಂತಿತು. ಹೀಗೆ ನೋಡಿದರೆ ಕನ್ನಡದ ವಿಳಾಸಕ್ಕೆ ಸಿಗುವುದು ಹೆಚ್ಚೆಂದರೆ 22 ಸಂಕೇತ. ಇಂಗ್ಲಿಷಿನವರಿಗೆ ಈ ಗೋಡೆ ಇದೆ ಎಂದೇ ಗೊತ್ತಾಗುವುದಿಲ್ಲ. ಹ್ಯೂಗೋದಲ್ಲಿ ಕಡತದ ಹೆಸರಿನ ಮಿತಿ ಮಾತ್ರ. ಲಿನಕ್ಸಿನಲ್ಲಿ ಅದು ಸಾಮಾನ್ಯವಾಗಿ 255 ಬೈಟು, ಅಂದರೆ ಕನ್ನಡದ 85 ಸಂಕೇತ. ಎರಡರಲ್ಲೂ ನನ್ನ ಸಲಹೆ ಒಂದೇ: ವಿಳಾಸವನ್ನು ರೋಮನ್ ಅಕ್ಷರದಲ್ಲಿ ಚಿಕ್ಕದಾಗಿ ನೀವೇ ಬರೆಯಿರಿ. ಕನ್ನಡಾಭಿಮಾನಕ್ಕೆ ಕುಂದಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದಾಗ ಎಂಟು ಸಾಲು ಶೇಕಡ ಚಿಹ್ನೆ ಉದುರುವುದು ಅಭಿಮಾನಕ್ಕೆ ಹೆಚ್ಚು ಕುಂದು.

ಎರಡನೆಯದು ಡೇಟಾಬೇಸಿನ ಅಕ್ಷರ ಸಂಕೇತ. ಇದು ವರ್ಡ್‌ಪ್ರೆಸ್ ಕಡೆಯ ರೋಗ. ಸರ್ವರ್ ಬದಲಾಯಿಸುವಾಗ ಲ್ಯಾಟಿನ್ ಸಂಕೇತಕ್ಕೂ ಯುಟಿಎಫ್-8ಕ್ಕೂ ಗೊಂದಲವಾದರೆ ‘ಕ’ ಇದ್ದ ಜಾಗದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಅಕ್ಷರ, ಪಕ್ಕದಲ್ಲಿ ಪುಟ್ಟ 2, ಒಂದು ದಪ್ಪ ಚುಕ್ಕಿ ಕಾಣಿಸುತ್ತವೆ. ಇದನ್ನು ಕಂಡರೆ ಸಮಾಧಾನ ಮಾಡಿಕೊಳ್ಳಿ. ಬೈಟುಗಳು ಹಾಗೆಯೇ ಉಳಿದಿವೆ, ಸರಿಪಡಿಸಬಹುದು. ಲೇಖನವಿಡೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಡೇಟಾಬೇಸಿನಲ್ಲೇ ಉಳಿದುಬಿಟ್ಟಿದ್ದರೆ ಮೂಲ ಅಕ್ಷರ ಹೋಯಿತು, ಬ್ಯಾಕಪ್ ಒಂದೇ ಗತಿ. ಪಠ್ಯ ಕಡತಗಳಲ್ಲಿ ಬರೆಯುವವರಿಗೆ ಈ ಕಂಟಕವೇ ಇಲ್ಲ.

ಅವರಿಗೆ ಬೇರೆಯದು ಇದೆ. ಹ್ಯೂಗೋದಲ್ಲಿ ಬರೆಯುವುದು ಮಾರ್ಕ್‌ಡೌನ್ ಎಂಬ ಸರಳ ಗುರುತುಗಳಲ್ಲಿ. ಅದನ್ನು ಮಾಡಿದವರ ಮನಸ್ಸಿನಲ್ಲಿ ವಿಭಕ್ತಿ ಪ್ರತ್ಯಯ ಇರಲಿಲ್ಲ. ಇಂಗ್ಲಿಷಿನಲ್ಲಿ ಓರೆ ಮಾಡಿದ ಪದದ ನಂತರ ಖಾಲಿ ಜಾಗ ಬರುತ್ತದೆ. ನಮಗೆ ‘ತತ್ಸಮ’ ಎಂಬುದಷ್ಟೇ ಓರೆಯಾಗಬೇಕು, ‘ವನ್ನು’ ನೆಟ್ಟಗೆ ಅಂಟಿಕೊಳ್ಳಬೇಕು. `_ತತ್ಸಮ_ವನ್ನು` ಎಂದು ಬರೆದರೆ ಓರೆಯಾಗುವುದಿಲ್ಲ, ಅಡಿಗೆರೆಗಳು ಹಾಗೆಯೇ ಕಾಣುತ್ತವೆ. `*ತತ್ಸಮ*ವನ್ನು` ಎಂದು ನಕ್ಷತ್ರ ಹಾಕಿದರೆ ಸರಿಹೋಗುತ್ತದೆ. ಆದರೆ ಉದ್ಧರಣ ಚಿಹ್ನೆ ಒಳಗೆ ಸೇರಿತೋ, `*“ತತ್ಸಮ”*ವನ್ನು` ಎಂದಾಯಿತೋ, ನಕ್ಷತ್ರವೂ ಕೈಕೊಡುತ್ತದೆ: ವಿರಾಮಚಿಹ್ನೆಯ ಬೆನ್ನಿಗೆ ಬಂದ ನಕ್ಷತ್ರದ ಮುಂದೆ ಅಕ್ಷರ ಬಂದರೆ ಅದನ್ನು ಮುಗಿಸುವ ಗುರುತು ಎಂದು ಒಪ್ಪಬಾರದೆಂಬುದು ನಿಯಮ. ಉದ್ಧರಣ ಚಿಹ್ನೆಗಳನ್ನು ನಕ್ಷತ್ರಗಳ ಹೊರಗೆ ಇಡಿ, ಬಗೆಹರಿಯುತ್ತದೆ. ಇದು ತಿಳಿಯುವ ಮುನ್ನ ನಾನು ಒಂದು ಸಂಜೆಯನ್ನು ಪೂರ್ತಿ ಕಳೆದಿದ್ದೇನೆ.

ಹುಡುಕಾಟದಲ್ಲಿ ಇಬ್ಬರೂ ಬಡವರೇ. ವರ್ಡ್‌ಪ್ರೆಸ್‌ನ ಮೂಲ ಹುಡುಕಾಟ ಕೊಟ್ಟ ಅಕ್ಷರಗಳ ಸಾಲನ್ನು ಹಾಗೆಯೇ ಹುಡುಕುತ್ತದೆ. ‘ಊರು’ ಎಂದು ಕೇಳಿದರೆ ‘ಊರಿನಲ್ಲಿ’ ಎಂದಿರುವ ಲೇಖನ ಸಿಗುವುದಿಲ್ಲ. ‘ಊರ’ ಎಂದು ಕೇಳಿದರೆ ಎರಡೂ ಸಿಗುತ್ತವೆ. ಓದುಗರಿಗೆ ಇದನ್ನು ಯಾರು ಹೇಳಬೇಕು? ಹ್ಯೂಗೋದಲ್ಲಿ ಹುಡುಕಾಟವೇ ಇಲ್ಲ, ಪೇಜ್‌ಫೈಂಡ್‌ನಂಥದ್ದನ್ನು ಸೇರಿಸಿಕೊಳ್ಳಬೇಕು. ಜೊತೆಗೆ ಕಣ್ಣಿಗೆ ಕಾಣದ ಜೋಡಣೆಯ ಸಂಕೇತಗಳ ಕಾಟ: ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆದದ್ದೂ ಒತ್ತಕ್ಷರ ಮಾಡಿ ‘ಸಾಫ್ಟ್ವೇರ್’ ಎಂದು ಬರೆದದ್ದೂ ಸಾಮಾನ್ಯ ಹುಡುಕಾಟಕ್ಕೆ ಎರಡು ಬೇರೆ ಪದ. ತಾಣದೊಳಗೆ ಒಂದು ರೂಢಿ ಇಟ್ಟುಕೊಳ್ಳಿ.

ಅಕ್ಷರವಿನ್ಯಾಸದ ತೊಂದರೆ ಥೀಮಿನದು, ಎಂಜಿನ್ನಿನದಲ್ಲ. ಹೆಚ್ಚಿನ ಥೀಮ್‌ಗಳ ಸಾಲಿನ ಅಂತರ ಲ್ಯಾಟಿನ್ ಲಿಪಿಗೆ ಅಳತೆ ಮಾಡಿದ್ದು. ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೆ ತಾಗುತ್ತದೆ. ನೋಟೋ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡ ಹಾಕಿ, ಸಾಲಿನ ಅಂತರವನ್ನು ಅಕ್ಷರದ ಅಳತೆಯ 1.7ರಷ್ಟಕ್ಕೆ ಏರಿಸಿ, ಅಕ್ಷರಗಳ ನಡುವೆ ಹೆಚ್ಚುವರಿ ಜಾಗ ಕೊಡುವ ಸಾಲೇನಾದರೂ ಥೀಮಿನಲ್ಲಿದ್ದರೆ ಅಳಿಸಿ.

ನಮ್ಮಲ್ಲಿ ಎಲ್ಲರೂ ಮೊಬೈಲಿನಲ್ಲೇ ಬರೆಯುತ್ತಾರೆ. ತೊಂದರೆ ಇದೆಯೇ?

ಹಾಗಿದ್ದರೆ ವರ್ಡ್‌ಪ್ರೆಸ್. ಚರ್ಚೆ ಬೇಡ. ಮೊಬೈಲಿನಲ್ಲಿ ಗಿಟ್ (ಕಡತಗಳ ಬದಲಾವಣೆಗಳನ್ನು ದಾಖಲಿಸುವ ಸಾಧನ) ಬಳಸಿ ಹ್ಯೂಗೋ ತಾಣ ನಡೆಸುವವರಿದ್ದಾರೆ. ಅವರು ಈ ಪುಟವನ್ನು ಓದುತ್ತಿಲ್ಲ.

ಐದಾರು ಮಂದಿ ಸೇರಿ ಮಾಸಪತ್ರಿಕೆ ನಡೆಸುತ್ತೇವೆ. ಹೇಗೆ?

ಸಿಎಂಎಸ್ ತನ್ನ ತೂಕಕ್ಕೆ ತಕ್ಕ ಕೆಲಸ ಮಾಡುವುದು ಇಲ್ಲೇ. ಬರೆದವರೊಬ್ಬರು, ತಿದ್ದುವವರೊಬ್ಬರು, ಪ್ರಕಟಿಸುವವರು ಇನ್ನೊಬ್ಬರು ಎಂಬ ಸರಪಳಿ ಇದ್ದರೆ ವರ್ಡ್‌ಪ್ರೆಸ್‌ನ ಪಾತ್ರಗಳ ಏರ್ಪಾಡು ಬೇಕೇ ಬೇಕು. ನಿರ್ವಾಹಕ, ಸಂಪಾದಕ, ಲೇಖಕ, ಕೊಡುಗೆದಾರ, ಚಂದಾದಾರ ಎಂದು ಐದು ಮೆಟ್ಟಿಲು. ಕೊಡುಗೆದಾರ ಬರೆದು ಪರಿಶೀಲನೆಗೆ ಕಳಿಸಬಹುದು, ಪ್ರಕಟಿಸಲು ಆಗದು. ಒಂದು ಸೂಕ್ಷ್ಮ: ಕೊಡುಗೆದಾರರು ಚಿತ್ರವನ್ನೂ ಏರಿಸಲಾರರು. ‘ಫೋಟೋ ಹಾಕಲು ಬರುತ್ತಿಲ್ಲ’ ಎಂಬ ದೂರಿಗೆ ಬಹಳಷ್ಟು ಸಲ ಇದೇ ಉತ್ತರ. ಸಿಟ್ಟಿನಲ್ಲಿ ಎಲ್ಲರನ್ನೂ ನಿರ್ವಾಹಕರನ್ನಾಗಿ ಮಾಡಿಬಿಡುವ ಸಂಪಾದಕರನ್ನು ಕಂಡಿದ್ದೇನೆ. ಮನೆಯವರೆಲ್ಲರಿಗೂ ತಿಜೋರಿಯ ಕೀಲಿ ಕೊಟ್ಟಂತೆ ಅದು. ಒಬ್ಬರ ಪಾಸ್‌ವರ್ಡ್ ಸೋರಿದರೆ ಸಾಕು.

ಸಂಪಾದಕರು ಒಬ್ಬರೇ, ಲೇಖನಗಳೆಲ್ಲ ಇಮೇಲಿನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಬರುತ್ತವೆ, ಅವರೇ ಏರಿಸುತ್ತಾರೆ ಎಂದಾದರೆ ಬರೆಯುವ ಕೈ ಎಷ್ಟಿದ್ದರೇನು, ತಾಣಕ್ಕೆ ಅದು ಒಂದೇ ಕೈ. ಆಗ ಹ್ಯೂಗೋ ಕೂಡ ನಡೆಯುತ್ತದೆ.

ವರ್ಡ್‌ಪ್ರೆಸ್ ಸುಲಭವಾಗಿ ಹ್ಯಾಕ್ ಆಗುತ್ತದಂತೆ, ನಿಜವೇ?

ವರ್ಡ್‌ಪ್ರೆಸ್‌ನ ತಿರುಳು ಗಟ್ಟಿಯಾಗಿದೆ. 2013ರ ಅಕ್ಟೋಬರ್‌ನ 3.7ರಿಂದ ಸಣ್ಣ ಭದ್ರತಾ ತಿದ್ದುಪಡಿಗಳು ತಾವಾಗಿಯೇ ಕೂತುಕೊಳ್ಳುತ್ತವೆ. ಕಳ್ಳರು ಬರುವುದು ಪ್ಲಗಿನ್ನಿನ, ಅಂದರೆ ಹೊಸ ಸೌಲಭ್ಯಕ್ಕೆಂದು ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶದ, ಕಿಟಕಿಯಿಂದ. ಅಧಿಕೃತ ಕೋಶದಲ್ಲೇ ಪ್ಲಗಿನ್‌ಗಳು ಹತ್ತಾರು ಸಾವಿರ ಇವೆ. ಕೆಲವನ್ನು ಕಂಪನಿಗಳು ಸಾಕುತ್ತವೆ, ಕೆಲವನ್ನು ಒಬ್ಬ ಹುಡುಗ ಬಿಡುವಿನಲ್ಲಿ ಬರೆದು ಬೇರೆ ಕೆಲಸಕ್ಕೆ ಸೇರಿ ಮರೆತಿದ್ದಾನೆ. ನನ್ನ ಲೆಕ್ಕ ಏಳರದು: ಏಳಕ್ಕಿಂತ ಹೆಚ್ಚು ಪ್ಲಗಿನ್ ಇದ್ದರೆ ಪ್ರತಿಯೊಂದಕ್ಕೂ ಕಾರಣ ಕೇಳುತ್ತೇನೆ. ‘ಪುಟದ ಮೇಲೆ ಹಿಮ ಬೀಳುವುದು ಚೆನ್ನಾಗಿತ್ತು’ ಎಂಬ ಉತ್ತರವೂ ಬಂದಿದೆ, ಅದೂ ಏಪ್ರಿಲ್‌ನಲ್ಲಿ. ದುಡ್ಡಿನ ಥೀಮನ್ನು ಯಾವುದೋ ತಾಣದಿಂದ ಪುಕ್ಕಟೆ ಇಳಿಸಿಕೊಳ್ಳುವುದು ಮಾತ್ರ ಕಳ್ಳನಿಗೆ ಹಾಸಿಗೆ ಹಾಸಿ ಕೊಟ್ಟಂತೆ.

ಬೇರೆ ಸಿಎಂಎಸ್‌ಗಳೂ ಸಾಧುಗಳಲ್ಲ. 2014ರ ಅಕ್ಟೋಬರ್ 15ರಂದು ದ್ರುಪಲ್ 7ರ ಒಂದು ಲೋಪಕ್ಕೆ ತಿದ್ದುಪಡಿ ಬಂತು. ಎರಡು ವಾರದ ನಂತರ ದ್ರುಪಲ್‌ನವರೇ ಹೇಳಿದರು: ಪ್ರಕಟಣೆಯಾದ ಏಳು ಗಂಟೆಯೊಳಗೆ ತಿದ್ದುಪಡಿ ಹಾಕಿರದಿದ್ದರೆ ನಿಮ್ಮ ತಾಣ ಕೈತಪ್ಪಿದೆ ಎಂದೇ ತಿಳಿಯಿರಿ. ಆ ಏಳು ಗಂಟೆಯಲ್ಲಿ ಭಾರತದಲ್ಲಿ ಹೆಚ್ಚಿನವರು ಮಲಗಿದ್ದರು.

ಸಿದ್ಧ ಪುಟಗಳ ತಾಣದಲ್ಲಿ ಲಾಗಿನ್ ಪುಟವಿಲ್ಲ, ಡೇಟಾಬೇಸ್ ಇಲ್ಲ, ಹೊರಗಿನಿಂದ ಓಡಿಸಬಹುದಾದ ಪ್ರೋಗ್ರಾಂ ಇಲ್ಲ. ಸರ್ವರ್ ಹಾಗೂ ನಿಮ್ಮ ಖಾತೆಯ ಪಾಸ್‌ವರ್ಡ್ ಕಾಯ್ದುಕೊಂಡರೆ ಆಯಿತು.

ಒಂದು ಸಲ ಮಾಡಿಟ್ಟರೆ ಮುಗಿಯಿತಲ್ಲವೇ?

ಒಂದು ಸಣ್ಣ ಪತ್ರಿಕೆಯ ತಾಣ ಮೂರು ವರ್ಷ ಯಾರೂ ಮುಟ್ಟದೆ ಚೆನ್ನಾಗಿಯೇ ನಡೆದಿತ್ತು. ಒಂದು ಬೆಳಗ್ಗೆ ಬರೀ ಬಿಳಿ ಪುಟ. ಹೋಸ್ಟಿಂಗ್‌ನವರು (ಸರ್ವರ್ ಬಾಡಿಗೆಗೆ ಕೊಡುವವರು) ಪಿಎಚ್‌ಪಿಯನ್ನು 7.4ರಿಂದ 8ಕ್ಕೆ ಏರಿಸಿದ್ದರು. ತಪ್ಪು ಅವರದೂ ಅಲ್ಲ, 7.4ಕ್ಕೆ ಭದ್ರತಾ ತಿದ್ದುಪಡಿ ನಿಂತದ್ದು 2022ರ ನವೆಂಬರ್‌ನಲ್ಲಿ. ಆದರೆ ತಾಣದ ಥೀಮು ಪಿಎಚ್‌ಪಿ 8ರಲ್ಲಿ ತೆಗೆದುಹಾಕಿದ ಹಳೆಯ ಫಂಕ್ಷನ್ ಒಂದನ್ನು ಕರೆಯುತ್ತಿತ್ತು. ಥೀಮ್ ಬರೆದವರ ತಾಣವೇ ಮುಚ್ಚಿಹೋಗಿತ್ತು. ನಾನು ಆ ಸಾಲನ್ನು ಹುಡುಕಿ ತಿದ್ದುವಷ್ಟರಲ್ಲಿ ರಾತ್ರಿ ಹನ್ನೊಂದು. ಸಂಪಾದಕರು ‘ನಾವೇನೂ ಮಾಡಿಲ್ಲವಲ್ಲ’ ಎಂದು ಹತ್ತು ಸಲ ಹೇಳಿದರು. ಏನೂ ಮಾಡಿರಲಿಲ್ಲ ಎಂಬುದೇ ಕಾರಣವಾಗಿತ್ತು.

ಹ್ಯೂಗೋ ಕೂಡ ಬದಲಾಗುತ್ತದೆ. ಹೊಸ ಆವೃತ್ತಿ ಹಾಕಿಕೊಂಡರೆ ಹಳೆಯ ಥೀಮ್ ಮುರಿಯುವುದುಂಟು. ಆದರೆ ಆಗ ಮುರಿಯುವುದು ನಿಮ್ಮ ಲ್ಯಾಪ್‌ಟಾಪಿನಲ್ಲಿ. ಕಟ್ಟಿ ಏರಿಸಿದ ಪುಟಗಳು ಓದುಗರಿಗೆ ಕಾಣುತ್ತಲೇ ಇರುತ್ತವೆ. ಹ್ಯೂಗೋ ಒಂದೇ ಕಡತದ ತಂತ್ರಾಂಶವಾದ್ದರಿಂದ ಆ ಕಡತವನ್ನೂ ಲೇಖನಗಳ ಪಕ್ಕದಲ್ಲೇ ಇಟ್ಟುಕೊಂಡುಬಿಡಿ. ಐದು ವರ್ಷದ ನಂತರವೂ ಅದೇ ಆವೃತ್ತಿಯಿಂದ ಕಟ್ಟಬಹುದು. ಜೆಕಿಲ್‌ನಲ್ಲಿ ಇದು ಅಷ್ಟು ಸಲೀಸಲ್ಲ. ರೂಬಿಯೂ ಅದರ ಬಳಗವೂ ಜೊತೆಗೆ ಬರಬೇಕು.

ದ್ರುಪಲ್, ಜೂಮ್ಲಾ ಹೇಗೆ?

ದ್ರುಪಲ್ ದೊಡ್ಡ ಸಂಸ್ಥೆಗಳಿಗೆ, ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಬಲ್ಲವರಿಗೆ. ಕನ್ನಡದ ‘ಸಂಪದ’ ಸಮುದಾಯ ತಾಣ ದ್ರುಪಲ್ ಮೇಲೆ ನಡೆದದ್ದನ್ನು ಹಳಬರು ಬಲ್ಲರು. ನೂರಾರು ಸದಸ್ಯರು ತಾವೇ ಬರೆದು ಹಾಕುವ ಅಂಥ ತಾಣಕ್ಕೆ ಅದು ಸರಿಯಾದ ಆಯ್ಕೆಯೇ. ಆದರೆ 2011ರಲ್ಲಿ ಬಂದ ದ್ರುಪಲ್ 7ರಿಂದ 8ಕ್ಕೆ ಹೋಗುವುದೆಂದರೆ ಹೆಚ್ಚುಕಡಿಮೆ ಹೊಸ ಮನೆ ಕಟ್ಟಿ ಸಾಮಾನು ಸಾಗಿಸಿದಂತಿತ್ತು. ಬಹಳ ಮಂದಿ ಕದಲಲೇ ಇಲ್ಲ, 7ರ ಬೆಂಬಲದ ಗಡುವನ್ನು ಮುಂದೆ ಹಾಕುತ್ತಾ ಹೋಗಿ ಕೊನೆಗೆ 2025ರ ಜನವರಿ 5ರಂದು ನಿಲ್ಲಿಸಿದರು. ಜೂಮ್ಲಾ ಗೊತ್ತಿರುವವರು ನಿಮ್ಮ ಬಳಿಯಲ್ಲೇ ಇದ್ದರೆ ಸರಿ. ಹೊಸದಾಗಿ ಕಲಿಯಲು ಕಾರಣ ನನಗೆ ಕಾಣುವುದಿಲ್ಲ.

ಘೋಸ್ಟ್ ಬಹಳ ಚೆಂದ ಕಾಣುತ್ತದೆ. ಅದು?

ಚೆಂದವೇ. 2013ರಲ್ಲಿ ‘ಬರವಣಿಗೆ ಮಾತ್ರ ಸಾಕು’ ಎಂದು ಹೊರಟ ಪ್ರಕಟಣೆಯ ತಂತ್ರಾಂಶ ಅದು, ಈಗ ಇಮೇಲ್ ಪತ್ರಿಕೆ, ಚಂದಾ ಎಲ್ಲವನ್ನೂ ಸೇರಿಸಿಕೊಂಡಿದೆ. ಬರೆಯುವ ಪರದೆ ಇವೆಲ್ಲಕ್ಕಿಂತ ಹಿತವಾಗಿದೆ ಎಂದು ಒಪ್ಪುತ್ತೇನೆ. ಆದರೆ ಸ್ವಂತ ಸರ್ವರ್‌ನಲ್ಲಿ ಇಡಲು ನೋಡ್ ಜೆಎಸ್, ಮೈಎಸ್‌ಕ್ಯುಎಲ್ 8, ಕನಿಷ್ಠ ಒಂದು ಜಿಬಿ ಮೆಮೊರಿ ಬೇಕು. ಅಗ್ಗದ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಕೂರುವುದಿಲ್ಲ. ಚಂದಾ ಹಣಕ್ಕೆ ಅದು ನೇರವಾಗಿ ಕೂಡಿಕೊಳ್ಳುವುದು ಸ್ಟ್ರೈಪ್ ಎಂಬ ಹಣ ಪಾವತಿ ಸೇವೆಯ ಜೊತೆಗೆ. ಭಾರತದಲ್ಲಿ ಹೊಸಬರಿಗೆ ಸ್ಟ್ರೈಪ್ ಖಾತೆ ಸಿಗುವುದು ಸುಲಭವಲ್ಲ, ನಿಮ್ಮ ಓದುಗರು ಕೊಡಲು ಬಯಸುವುದು ಯುಪಿಐ ಮೂಲಕ. ಅಮೆರಿಕದಲ್ಲೋ ಜರ್ಮನಿಯಲ್ಲೋ ಕೂತು ಕನ್ನಡ ಪತ್ರಿಕೆ ನಡೆಸುವವರಿಗೆ ಈ ತಡೆ ಇಲ್ಲ, ಅವರು ಘೋಸ್ಟ್ ನೋಡಬಹುದು.

ಖರ್ಚು ಎಷ್ಟು?

ಡೊಮೇನ್ ಎರಡಕ್ಕೂ ಬೇಕು, ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಸಿದ್ಧ ಪುಟಗಳ ತಾಣವನ್ನು ಗಿಟ್‌ಹಬ್ ಪೇಜಸ್ ಪುಕ್ಕಟೆ ಇಟ್ಟುಕೊಳ್ಳುತ್ತದೆ. ತಾಣ 1 ಜಿಬಿ ಮೀರಬಾರದು, ತಿಂಗಳ ಸಂಚಾರ 100 ಜಿಬಿಯೊಳಗಿರಬೇಕು. ಕನ್ನಡದ ಲೇಖನಗಳಿಂದ 1 ಜಿಬಿ ತುಂಬಿಸಲು ಒಂದು ಜನ್ಮ ಸಾಲದು. ಫೋಟೋಗಳನ್ನು ಕ್ಯಾಮೆರಾದಿಂದ ಬಂದ ಅಳತೆಯಲ್ಲೇ ಸುರಿದರೆ ಒಂದೇ ಪ್ರವಾಸಕಥನ ಸಾಕು.

ವರ್ಡ್‌ಪ್ರೆಸ್‌ಗೆ ಹೋಸ್ಟಿಂಗ್ ಬಾಡಿಗೆ ಉಂಟು. ಜಾಹೀರಾತಿನಲ್ಲಿ ಕಾಣುವುದು ಮೊದಲ ಅವಧಿಯ ದರ. ನವೀಕರಣದ ದರವನ್ನು ಪುಟದ ಕೆಳಗಿನ ಸಣ್ಣ ಅಕ್ಷರದಲ್ಲಿ ಹುಡುಕಿ. ಪುಟ್ಟ ವರ್ಚುವಲ್ ಸರ್ವರ್ ಹಿಡಿದರೆ ತಿಂಗಳಿಗೆ 4ರಿಂದ 6 ಡಾಲರ್. ಇಂಥ ಸರ್ವರ್ ಬಾಡಿಗೆಗೆ ಕೊಡುವ ಡಿಜಿಟಲ್‌ಓಶನ್‌ಗೆ ಬೆಂಗಳೂರಿನಲ್ಲೇ ಡೇಟಾ ಕೇಂದ್ರವಿದೆ. ಓದುಗರು ಹೆಚ್ಚಾಗಿ ಕರ್ನಾಟಕದವರಾದರೆ ಪುಟ ಬೇಗ ತಲುಪುತ್ತದೆ. ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕದ) ಪ್ರಮಾಣಪತ್ರಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡುತ್ತದೆ.

ಮನೆಯಲ್ಲೇ ಹಳೆಯ ಕಂಪ್ಯೂಟರಿನಲ್ಲಿ ಸರ್ವರ್ ಇಡಬಹುದೇ?

ಕಲಿಯಲು ಇಡಿ. ಬಹುಪಾಲು ಮನೆ ಸಂಪರ್ಕಗಳಿಗೆ ಸ್ವಂತದ ಸಾರ್ವಜನಿಕ ಐಪಿ ವಿಳಾಸ ಸಿಗುವುದಿಲ್ಲ, ಇಡೀ ಬೀದಿಗೆ ಒಂದನ್ನು ಹಂಚಿರುತ್ತಾರೆ. ಹೊರಗಿನವರು ನಿಮ್ಮ ಬಾಗಿಲಿಗೆ ನೇರವಾಗಿ ಬರಲಾರರು. ಕರೆಂಟಿನ ವಿಷಯ ನಾನು ಹೇಳಬೇಕಾಗಿಲ್ಲ.

ಓದುಗರ ಪ್ರತಿಕ್ರಿಯೆಗೆ ಜಾಗ ಬೇಡವೇ?

ಲೇಖನದ ಕೊನೆಗೆ ಇಮೇಲ್ ವಿಳಾಸ ಕೊಡಿ. ಬರೆಯಬೇಕೆನಿಸಿದವರು ಬರೆಯುತ್ತಾರೆ.

ಈಗ ಒಂದನ್ನು ಆರಿಸಿ, ಆಮೇಲೆ ಇನ್ನೊಂದಕ್ಕೆ ಹೋಗಬಹುದೇ?

ಹೋಗಬಹುದು. ಹ್ಯೂಗೋದಿಂದ ಹೊರಡುವುದು ಸುಲಭ. ಲೇಖನಗಳು ಮೊದಲೇ ನಿಮ್ಮ ಕಡತಗಳಲ್ಲಿವೆ. ವರ್ಡ್‌ಪ್ರೆಸ್‌ನಿಂದ ಹೊರಡುವಾಗ ಎರಡು ಹೊಂಡಗಳಿವೆ, ನೋಡಿ ನಡೆಯಿರಿ.

ಮೊದಲನೆಯದು: ಅದರ ರಫ್ತು ಕಡತದಲ್ಲಿ ಲೇಖನಗಳು ಇರುತ್ತವೆ, ಚಿತ್ರಗಳು ಇರುವುದಿಲ್ಲ. ಚಿತ್ರಗಳ ವಿಳಾಸ ಮಾತ್ರ ಇರುತ್ತದೆ. ಹೊಸ ಜಾಗದಲ್ಲಿ ಆಮದು ಮಾಡುವಾಗ ಅದು ಹಳೆಯ ತಾಣಕ್ಕೆ ಹೋಗಿ ಒಂದೊಂದೇ ಚಿತ್ರ ತರುತ್ತದೆ. ನನಗೆ ತಿಳಿದ ನಿವೃತ್ತ ಮೇಷ್ಟ್ರೊಬ್ಬರು ರಫ್ತು ಕಡತ ಇಳಿಸಿಕೊಂಡು, ‘ಎಲ್ಲ ಬಂತು’ ಎಂದು ಹಳೆಯ ಹೋಸ್ಟಿಂಗ್ ರದ್ದು ಮಾಡಿ, ಆಮೇಲೆ ನನ್ನನ್ನು ಕರೆದರು. ಇನ್ನೂರಕ್ಕೂ ಹೆಚ್ಚು ಲೇಖನ ಬಂದವು. ಶಿಲಾಶಾಸನಗಳ ಫೋಟೋ ಇದ್ದಲ್ಲೆಲ್ಲ ಮುರಿದ ಚೌಕಟ್ಟು. ಅದೃಷ್ಟಕ್ಕೆ ಅವರ ಹಳೆಯ ಕ್ಯಾಮೆರಾದ ಕಾರ್ಡು ಕಪಾಟಿನಲ್ಲಿತ್ತು. ಆದರೆ ಯಾವ ಕಲ್ಲು ಯಾವ ಊರಿನದು ಎಂದು ಗುರುತಿಸಿ ಮತ್ತೆ ಹಾಕಲು ಅವರಿಗೆ ಒಂದು ಬೇಸಿಗೆ ಹಿಡಿಯಿತು. ಹಾಗಾಗಿ ಚಿತ್ರಗಳಿರುವ ಅಪ್‌ಲೋಡ್ಸ್ ಫೋಲ್ಡರನ್ನು ಬೇರೆಯಾಗಿ ಇಳಿಸಿಕೊಳ್ಳದೆ ಹಳೆಯ ಮನೆ ಖಾಲಿ ಮಾಡಬೇಡಿ.

ಎರಡನೆಯದು: ಪುಟ ಸಿಂಗರಿಸುವ ಪ್ಲಗಿನ್‌ಗಳು. ಕೆಲವು ಲೇಖನದೊಳಗೆ ಚೌಕ ಆವರಣದ ಸಂಕೇತಗಳನ್ನು ಬಿತ್ತುತ್ತವೆ. ಪ್ಲಗಿನ್ ತೆಗೆದ ದಿನ ಆ ಆವರಣಗಳೆಲ್ಲ ಓದುಗರಿಗೆ ಕಾಣುವಂತೆ ಎದ್ದು ನಿಲ್ಲುತ್ತವೆ. ಗುಟೆನ್‌ಬರ್ಗ್ ಇಡುವ ಗುರುತುಗಳು ಎಚ್‌ಟಿಎಂಎಲ್ ಟಿಪ್ಪಣಿಯ ರೂಪದಲ್ಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಸಾಗಿಸುವಾಗ ಗುಡಿಸುವುದೂ ಸುಲಭ. ವರ್ಡ್‌ಪ್ರೆಸ್ ಇದ್ದರೂ ಅದರ ಸ್ವಂತ ಸಂಪಾದಕವನ್ನೇ ಬಳಸಿ ಎನ್ನುವುದು ಇದಕ್ಕೇ.

ಎರಡೂ ದಿಕ್ಕಿನಲ್ಲಿ ಹಳೆಯ ವಿಳಾಸಗಳು ಹೊಸದರಲ್ಲೂ ಕೆಲಸ ಮಾಡುವಂತೆ ಇಡಿ. ಯಾರೋ ಎಲ್ಲೋ ನಿಮ್ಮ ಲೇಖನಕ್ಕೆ ಕೊಂಡಿ ಕೊಟ್ಟಿರುತ್ತಾರೆ.

ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಲೇಖನಗಳಿವೆ. ಹಾಗೆಯೇ ಹಾಕಬಹುದೇ?

ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿದ್ದರೆ ಆಗದು. ಆ ಕಡತದಲ್ಲಿರುವುದು ಲ್ಯಾಟಿನ್ ಅಕ್ಷರಗಳು, ಮೇಲೆ ಕನ್ನಡದ ವೇಷ ಅಷ್ಟೆ. ತಾಣಕ್ಕೆ ಅಂಟಿಸಿದಾಗ ವೇಷ ಕಳಚುತ್ತದೆ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತನ್ನಿ. ಆಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಪದಗಳನ್ನು ಕಣ್ಣಿಟ್ಟು ಓದಿ, ತಪ್ಪುಗಳು ಕೂರುವುದು ಅಲ್ಲೇ.

ನಾಳೆಯೇ ಶುರು ಮಾಡಬೇಕು. ಮೊದಲು ಏನು ಮಾಡಲಿ?

ಎಂಜಿನ್ ಬಿಡಿ, ಮೊದಲು ಡೊಮೇನ್ ಕೊಳ್ಳಿ. ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮ ಮೊಬೈಲ್ ಸಂಖ್ಯೆಯಲ್ಲಿ. ‘ನಮ್ಮ ಅಕ್ಕನ ಮಗ ಮಾಡಿಕೊಟ್ಟ’ ಎಂಬ ತಾಣಗಳಲ್ಲಿ ಡೊಮೇನ್ ಅಕ್ಕನ ಮಗನ ಕಾಲೇಜು ಇಮೇಲಿನಲ್ಲಿರುತ್ತದೆ. ಅವನು ಓದು ಮುಗಿಸಿ ಹೋದ ಮೇಲೆ ಆ ಇಮೇಲ್ ಮುಚ್ಚುತ್ತದೆ, ನವೀಕರಣದ ನೆನಪೋಲೆ ಯಾರಿಗೂ ತಲುಪುವುದಿಲ್ಲ. ಅಕ್ಕನ ಮಗ ಮಾಡಿಕೊಡಲಿ, ಬೇಡವೆನ್ನುವುದಿಲ್ಲ. ಅವನು ಕೀಬೋರ್ಡ್ ಮುಂದೆ ಕೂತಿರುವಾಗ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರಿ, ಇಮೇಲ್ ಕೇಳುವ ಪೆಟ್ಟಿಗೆ ಬಂದಾಗ ನಿಮ್ಮದನ್ನು ಹೇಳಿ.